ಬೆಳ್ಳಕ್ಕಿಯ ಲೆಕ್ಕ: ಕೇಣಿಯ ದಂಡೆಯ ಒಂದು ಪಾಠ

ಅಂಕೋಲೆಯ ಪೇಟೆಯಿಂದ ಕಡಲ ಕಡೆಗೆ ಸ್ವಲ್ಪ ದೂರ ನಡೆದರೆ ಕೇಣಿಯೆಂಬ ಮೀನುಗಾರರ ಊರು ಸಿಕ್ಕುವದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಅಲ್ಲಿಯ ಮರಳಿನ ಮೇಲೆ ಆಡಿದವರೇ. ಕೆಲವರ ತವರುಮನೆಯೂ ಅಲ್ಲಿಯೇ ಇರುವದು. ಆದಕಾರಣ ಈ ಸಂಚಿಕೆಗೆ ಒಂದು ಪಾಠವನ್ನು ಬರೆಯಬೇಕೆಂದಾಗ, ದೂರದೇಶದ ಸಂಗತಿಯಿಂದ ಆರಂಭಿಸುವದಕ್ಕಿಂತ ಎಲ್ಲರ ಕಣ್ಣಿಗೂ ಬಿದ್ದಿರುವ ಒಂದು ನೋಟದಿಂದಲೇ ಆರಂಭಿಸುವದು ಲೇಸೆಂದು ನಮಗೆ ತೋರಿತು.

ಒಂದು ಚಳಿಗಾಲದ ಬೆಳಿಗ್ಗೆ ನಾವು ಹುಡುಗಿಯರನ್ನು ಕೂಡಿಕೊಂಡು ಕೇಣಿಯ ದಂಡೆಗೆ ಹೋಗಿದ್ದೆವು. ಕಡಲು ಇಳಿದಿತ್ತು. ಮರಳಿನ ತಗ್ಗುಗಳಲ್ಲಿ ಅಲ್ಲಲ್ಲಿ ನೀರು ನಿಂತು ಸಣ್ಣ ಸಣ್ಣ ಹೊಂಡಗಳಾಗಿದ್ದವು. ಉಬ್ಬರದೊಡನೆ ಬಂದ ಮೀನಿನ ಮರಿಗಳು ಅವುಗಳಲ್ಲಿ ಸಿಕ್ಕಿಬಿದ್ದಿದ್ದವು. ಒಂದು ಬೆಳ್ಳಕ್ಕಿಯು ಒಂದು ಹೊಂಡದಲ್ಲಿ ನಿಂತು ಬೇಗಬೇಗನೆ ಕೆಲವು ಮೀನುಗಳನ್ನು ಹೆಕ್ಕಿತು. ಆಮೇಲೆ ನಿಧಾನವಾಗಿ ಇನ್ನೊಂದೆರಡನ್ನು ಹೆಕ್ಕಿತು. ತರುವಾಯ ಹಾರಿ ಇನ್ನೊಂದು ಹೊಂಡಕ್ಕೆ ಹೋಯಿತು. ನಾವು ಹೋಗಿ ನೋಡಲಾಗಿ, ಬಿಟ್ಟುಹೋದ ಹೊಂಡದಲ್ಲಿ ಮೀನುಗಳು ಇನ್ನೂ ಇದ್ದವು. ಆಗ ಒಬ್ಬ ಚಿಕ್ಕ ಹುಡುಗಿಯು, "ಅಕ್ಕೋರೇ, ಮೀನು ಮುಗಿಯಲಿಲ್ಲವಲ್ಲ! ತಟ್ಟೆಯಲ್ಲಿ ಬಿಟ್ಟರೆ ನಮಗೆ ಬೈಯುತ್ತಾರೆ. ಇದು ಯಾಕೆ ಬಿಟ್ಟಿತು?" ಎಂದು ಕೇಳಿದಳು.

ಆ ಪ್ರಶ್ನೆಯು ಚಿಕ್ಕದಾಗಿ ಕಂಡರೂ ಚಿಕ್ಕದಲ್ಲ. ಅದಕ್ಕೆ ಸರಿಯಾದ ಉತ್ತರವನ್ನು ಹುಡುಕುವದರಲ್ಲಿ ವಿದ್ವಾಂಸರು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲವನ್ನು ಕಳೆದಿರುವರು. ಆ ಹುಡುಗಿಗೆ ಅಂದು ನಾವು ಪೂರ್ತಿಯಾಗಿ ಹೇಳಲಾರದ್ದನ್ನು ಇಲ್ಲಿ ಕ್ರಮವಾಗಿ ಹೇಳುವೆವು.

1. ಆಹಾರವು ಚದುರಿರುವ ಬಗೆ

ಪ್ರಪಂಚದಲ್ಲಿ ಆಹಾರವು ಹಾಸಿದ ಚಾಪೆಯಂತೆ ಎಲ್ಲೆಡೆಯಲ್ಲಿಯೂ ಸಮನಾಗಿರುವದಿಲ್ಲ. ಅದು ಅಲ್ಲಲ್ಲಿ ಗುಂಪುಗುಂಪಾಗಿರುವದು, ನಡುವೆ ಬರಿದಾದ ಸ್ಥಳವಿರುವದು. ಬೆಳ್ಳಕ್ಕಿಗೆ ಹೊಂಡಗಳು ಹೇಗೋ, ಬಾವಲಿಗಳಿಗೆ ಹಣ್ಣಾದ ಕರಿ ಇಶಾಡು ಮಾವಿನ ಮರಗಳು ಹಾಗೆಯೇ. ಘಟ್ಟದ ಮೇಲಿನ ಕಾಡಿನಲ್ಲಿ ಮಂಗಟ್ಟೆ ಹಕ್ಕಿಗೆ ಹಣ್ಣುಬಿಟ್ಟ ಆಲ, ಅತ್ತಿ, ಬಸರಿಯ ಮರಗಳು ಹಾಗೆಯೇ. ಕಡಲಿನಲ್ಲಿ ತಾರ್ಲೆ, ಬಂಗಡೆಗಳು ಹಿಂಡುಹಿಂಡಾಗಿ ಬರುವವು. ಹಿಂಡು ಇದ್ದಲ್ಲಿ ನೀರೇ ಕಪ್ಪಾಗುವದು, ಇಲ್ಲದಲ್ಲಿ ಬಲೆಯು ಖಾಲಿಯಾಗಿ ಬರುವದು. ಹೀಗೆ ಆಹಾರವು ಗುಂಪಾಗಿರುವ ಒಂದೊಂದು ಸ್ಥಳವನ್ನು ನಾವು ಈ ಪಾಠದಲ್ಲಿ 'ತಾಣ'ವೆಂದು ಕರೆಯುವೆವು.

ಇದಲ್ಲದೆ ತಾಣಗಳು ನಿಂತಲ್ಲಿ ನಿಲ್ಲುವದಿಲ್ಲ. ಕಡಲು ದಿನಕ್ಕೆ ಎರಡು ಸಾರಿ ಏರಿ ಎರಡು ಸಾರಿ ಇಳಿಯುವದು. ಇಳಿತದ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವದು. ನಿನ್ನೆ ಹೊಂಡವಿದ್ದಲ್ಲಿ ಇಂದು ಮರಳಿರಬಹುದು. ಆದದರಿಂದ ಪ್ರಾಣಿಯು ಎರಡು ವಿಷಯಗಳನ್ನು ನಿಶ್ಚಯಿಸಬೇಕಾಗುವದು: ಯಾವ ತಾಣಕ್ಕೆ ಹೋಗಬೇಕು? ಹೋದಮೇಲೆ ಎಷ್ಟು ಹೊತ್ತು ನಿಲ್ಲಬೇಕು? ನಮ್ಮ ಹುಡುಗಿಯು ಕೇಳಿದ್ದು ಈ ಎರಡನೆಯದನ್ನು.

2. ನಿಲ್ಲುವದೋ, ಹೋಗುವದೋ?

1966ರಲ್ಲಿ ಅಮೇರಿಕದ ರಾಬರ್ಟ್ ಮೆಕಾರ್ಥರ್ ಮತ್ತು ಎರಿಕ್ ಪಿಯಾಂಕಾ ಎಂಬವರು ಚದುರಿದ ಆಹಾರವನ್ನು ಪ್ರಾಣಿಗಳು ಲಾಭದಾಯಕವಾಗಿ ಬಳಸುವ ಬಗೆಯನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಹತ್ತು ವರುಷಗಳ ತರುವಾಯ, 1976ರಲ್ಲಿ, ಎರಿಕ್ ಚಾರ್ನೋವ್ ಎಂಬವನು ತಾಣವನ್ನು ಬಿಡುವ ಹೊತ್ತನ್ನು ಗಣಿತದಿಂದ ಗೊತ್ತುಮಾಡುವ ಒಂದು ಸೂತ್ರವನ್ನು ಕೊಟ್ಟನು. ಸೂತ್ರದ ತಿರುಳು ಅಡಿಗೆಮನೆಯ ಲೆಕ್ಕಕ್ಕಿಂತ ಕಠಿನವಾದದ್ದಲ್ಲ. ಪಾಟಿಯನ್ನಾಗಲಿ ಕಾಗದವನ್ನಾಗಲಿ ಹತ್ತಿರ ಇಟ್ಟುಕೊಂಡು ವಾಚಕರು ನಮ್ಮ ಸಂಗಡ ಲೆಕ್ಕವನ್ನು ಮಾಡಿನೋಡಲಿ.

ಒಂದು ಹೊಂಡದಲ್ಲಿ ಬೆಳ್ಳಕ್ಕಿಗೆ ಮೊದಲನೆಯ ನಿಮಿಷದಲ್ಲಿ 8 ಮೀನು, ಎರಡನೆಯದರಲ್ಲಿ 5, ಮೂರನೆಯದರಲ್ಲಿ 3, ನಾಲ್ಕನೆಯದರಲ್ಲಿ 2, ಐದನೆಯದರಲ್ಲಿ 1 ಸಿಕ್ಕುವದೆಂದು ಎಣಿಸೋಣ. ಹೀಗೆ ಇಳಿಯುತ್ತ ಹೋಗುವದು ಸಹಜವೇ. ಯಾಕಂದರೆ ಸುಲಭವಾಗಿ ಸಿಕ್ಕುವ ಮೀನುಗಳು ಮೊದಲು ಹೋಗುವವು, ಉಳಿದವುಗಳು ಬೆದರಿ ಅಡಗುವವು. ಒಂದು ಹೊಂಡದಿಂದ ಇನ್ನೊಂದನ್ನು ಹುಡುಕಿ ಸೇರಲಿಕ್ಕೆ 2 ನಿಮಿಷ ಹಿಡಿಯುವದೆಂದೂ ಎಣಿಸೋಣ.

ಹಕ್ಕಿಯು ಪ್ರತಿಯೊಂದು ಹೊಂಡದಲ್ಲಿ ಒಂದೇ ನಿಮಿಷ ನಿಂತರೆ, ದಾರಿಯ 2 ನಿಮಿಷ ಸೇರಿ 3 ನಿಮಿಷಕ್ಕೆ 8 ಮೀನು. ಅಂದರೆ ನಿಮಿಷಕ್ಕೆ ಸರಾಸರಿ 2.67. ಎರಡು ನಿಮಿಷ ನಿಂತರೆ 4 ನಿಮಿಷಕ್ಕೆ 13, ಸರಾಸರಿ 3.25. ಮೂರು ನಿಂತರೆ 5 ನಿಮಿಷಕ್ಕೆ 16, ಸರಾಸರಿ 3.2. ನಾಲ್ಕು ನಿಂತರೆ 6 ನಿಮಿಷಕ್ಕೆ 18, ಸರಾಸರಿ 3. ಐದೂ ನಿಮಿಷ ನಿಂತು ಹೊಂಡವನ್ನು ಬರಿದುಮಾಡಿದರೆ 7 ನಿಮಿಷಕ್ಕೆ 19, ಸರಾಸರಿ 2.71 ಮಾತ್ರ. ಎಲ್ಲಕ್ಕೂ ಹೆಚ್ಚು ಲಾಭವು ಎರಡು ನಿಮಿಷ ನಿಂತು, 6 ಮೀನುಗಳನ್ನು ಹೊಂಡದಲ್ಲಿಯೇ ಬಿಟ್ಟು ಹೋಗುವ ಹಕ್ಕಿಗೇ ಸಿಕ್ಕಿತು.

ಈಗ ಹೊಂಡಗಳು ದೂರದೂರ ಇದ್ದು, ದಾರಿಗೆ 2 ನಿಮಿಷದ ಬದಲು 6 ನಿಮಿಷ ಹಿಡಿಯುವದೆಂದು ಎಣಿಸೋಣ. ಒಂದು ನಿಮಿಷ ನಿಂತರೆ ಸರಾಸರಿ 1.14, ಎರಡಕ್ಕೆ 1.63, ಮೂರಕ್ಕೆ 1.78, ನಾಲ್ಕಕ್ಕೆ 1.8, ಐದಕ್ಕೆ 1.73. ಈ ಸಾರಿ ನಾಲ್ಕು ನಿಮಿಷ ನಿಲ್ಲುವದೇ ಉತ್ತಮವಾಯಿತು. ಹೊಂಡದಲ್ಲಿರುವ ಮೀನು ಅಷ್ಟೇ, ಹಕ್ಕಿಯ ಚಾತುರ್ಯವೂ ಅಷ್ಟೇ. ದಾರಿ ಮಾತ್ರ ಉದ್ದವಾಯಿತು.

ಇದರಿಂದ ಸಿಕ್ಕುವ ನಿಯಮವೇನಂದರೆ: ಇರುವ ತಾಣದಲ್ಲಿ ಮುಂದಿನ ನಿಮಿಷಕ್ಕೆ ಸಿಕ್ಕುವದು, ದಾರಿಯ ಹೊತ್ತನ್ನೂ ಸೇರಿಸಿ ಇಡೀ ದಂಡೆಯಲ್ಲಿ ಸಿಕ್ಕಬಹುದಾದ ಸರಾಸರಿಗಿಂತ ಕಡಿಮೆಯಾದೊಡನೆ ಹೊರಡತಕ್ಕದ್ದು. ತಾಣಗಳು ಹತ್ತಿರವಿದ್ದರೆ ಬೇಗ ಹೊರಡತಕ್ಕದ್ದು. ದೂರವಿದ್ದರೆ ಹೆಚ್ಚು ಹೊತ್ತು ನಿಂತು ಹೆಚ್ಚು ಹೆಕ್ಕತಕ್ಕದ್ದು. ಬೆಳ್ಳಕ್ಕಿಯು ಮೀನನ್ನು ವ್ಯರ್ಥಮಾಡಲಿಲ್ಲ, ಹೊತ್ತನ್ನು ಉಳಿಸಿತು. ತಟ್ಟೆಯಲ್ಲಿ ಬಿಟ್ಟ ಅನ್ನಕ್ಕೂ ಇದಕ್ಕೂ ಇರುವ ಭೇದವು ಇದೇ. ತಟ್ಟೆಯ ಅನ್ನವು ಹಾಳಾಗುವದು. ಹೊಂಡದ ಮೀನು ಮುಂದಿನ ಉಬ್ಬರದಲ್ಲಿ ಕಡಲಿಗೆ ಮರಳುವದು.

3. ಹಕ್ಕಿಗೆ ಲೆಕ್ಕ ಬರುವದೋ?

ವಾಚಕರು ಇಲ್ಲಿ ನಗಬಹುದು. ಭಾಗಾಕಾರದಲ್ಲಿ ತಪ್ಪಿದ್ದಕ್ಕೆ ನಮ್ಮಿಂದ ಗದರಿಸಿಕೊಂಡ ಹಳೆಯ ವಿದ್ಯಾರ್ಥಿನಿಯರಂತೂ, ಬೆಳ್ಳಕ್ಕಿಯು ದಶಾಂಶವನ್ನು ಯಾವ ಶಾಲೆಯಲ್ಲಿ ಕಲಿಯಿತೆಂದು ಕೇಳಬಹುದು. ಹಕ್ಕಿಯು ಲೆಕ್ಕವನ್ನು ಮಾಡುವದೆಂದು ಯಾರೂ ಹೇಳುವದಿಲ್ಲ. ಕೊನೆಯ ಮೀನು ಸಿಕ್ಕಿ ಬಹಳ ಹೊತ್ತಾಯಿತೆಂಬ ಬೇಸರವು ಸಾಕು. ಸರಿಯಾದ ಹೊತ್ತಿಗೆ ಬೇಸರಗೊಂಡ ಹಕ್ಕಿಗಳು ಹೆಚ್ಚು ತಿಂದು ಹೆಚ್ಚು ಮರಿಗಳನ್ನು ಸಾಕಿದವು. ಅವುಗಳ ಸ್ವಭಾವವು ಮರಿಗಳಿಗೆ ಬಂತು. ಹೀಗೆ ಲೆಕ್ಕವನ್ನು ತಲೆಮಾರುಗಳು ಮಾಡಿದವು. ಹಕ್ಕಿಯು ಉತ್ತರವನ್ನು ಮಾತ್ರ ಪಡೆದಿರುವದು.

ಈ ಮಾತನ್ನು ಪ್ರಯೋಗದಿಂದ ಪರೀಕ್ಷಿಸಿರುವರು. 1977ರಲ್ಲಿ ರಿಚರ್ಡ್ ಕವೀ ಎಂಬ ಇಂಗ್ಲೆಂಡಿನ ವಿದ್ವಾಂಸನು ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಗಳನ್ನು ದೊಡ್ಡ ಪಂಜರದ ಮನೆಯಲ್ಲಿ ಇಟ್ಟು ಮಾಡಿದ ಪ್ರಯೋಗವನ್ನು ಪ್ರಕಟಿಸಿದನು. ಕೃತ್ರಿಮ ಮರಗಳ ಮೇಲೆ ಮರದ ಹೊಟ್ಟು ತುಂಬಿದ ಬಟ್ಟಲುಗಳನ್ನಿಟ್ಟು ಹೊಟ್ಟಿನೊಳಗೆ ಹುಳದ ತುಣುಕುಗಳನ್ನು ಅಡಗಿಸಿದ್ದನು. ಬಟ್ಟಲಿನ ಮುಚ್ಚಳವು ಕೆಲವು ಸಾರಿ ಸಡಿಲವಾಗಿಯೂ ಕೆಲವು ಸಾರಿ ಬಿಗಿಯಾಗಿಯೂ ಇರುತ್ತಿತ್ತು. ಮುಚ್ಚಳವನ್ನು ತೆಗೆಯುವ ಶ್ರಮವೇ ಇಲ್ಲಿ ದಾರಿಯ ದೂರ. ಮುಚ್ಚಳವು ಬಿಗಿಯಾಗಿದ್ದಾಗ ಹಕ್ಕಿಗಳು ಒಂದೊಂದು ಬಟ್ಟಲಿನಲ್ಲಿ ಹೆಚ್ಚು ಹೊತ್ತು ನಿಂತವು.

ತಾಯಿಯರಿಗೆ ಇನ್ನೂ ಹಿಡಿಸುವ ಪ್ರಯೋಗವು ಅಲೆಕ್ಸ್ ಕಾಸೆಲ್ನಿಕ್ ಎಂಬವನು 1984ರಲ್ಲಿ ಪ್ರಕಟಿಸಿದ್ದು. ಮರಿಗಳಿಗೆ ಹುಳ ಒಯ್ಯುವ ಸ್ಟಾರ್ಲಿಂಗ್ ಹಕ್ಕಿಗಳಿಗೆ ಅವನು ಒಂದು ತಟ್ಟೆಯಲ್ಲಿ ಹುಳಗಳನ್ನು ಒಂದೊಂದಾಗಿ, ಬರಬರುತ್ತ ಹೆಚ್ಚು ತಡಮಾಡಿ ಕೊಡುತ್ತಿದ್ದನು. ಗೂಡು ಹತ್ತಿರವಿದ್ದ ತಾಯಿತಂದೆ ಹಕ್ಕಿಗಳು ಕೆಲವೇ ಹುಳಗಳೊಡನೆ ಮರಳುತ್ತಿದ್ದವು. ದೂರವಿದ್ದವುಗಳು ತಡವಾದರೂ ಕಾದು, ಕೊಕ್ಕು ತುಂಬಿಸಿಕೊಂಡೇ ಹೊರಡುತ್ತಿದ್ದವು. ನೆರೆಯ ಅಂಗಡಿಗೆ ಒಂದು ಹಿಡಿ ಕೊತ್ತಂಬರಿಗಾಗಿ ಹೋಗಿಬರುವ ಗೃಹಿಣಿಯು, ಅಂಕೋಲೆಯ ಸಂತೆಗೆ ಹೋದರೆ ವಾರದ ಸಾಮಾನನ್ನು ಹೊತ್ತುಕೊಂಡೇ ಬರುವದಿಲ್ಲವೇ?

ಕೆನಡ ದೇಶದ ಪಶ್ಚಿಮ ಕರಾವಳಿಯ ಕಾಗೆಗಳ ವಿಷಯವೂ ಹೇಳತಕ್ಕದ್ದೇ. ಅಲ್ಲಿಯ ಕಾಗೆಗಳು ಕಡಲ ಶಂಖದ ಹುಳುಗಳನ್ನು ಮೇಲಕ್ಕೆ ಒಯ್ದು ಬಂಡೆಗಳ ಮೇಲೆ ಬೀಳಿಸಿ ಒಡೆಯುವವು. ರೆಟೊ ಜಾಕ್ ಎಂಬವನು 1970ರ ದಶಕದಲ್ಲಿ ಅವುಗಳನ್ನು ಅಳೆದು ನೋಡಲಾಗಿ, ಅವು ದೊಡ್ಡ ಶಂಖಗಳನ್ನೇ ಆರಿಸಿಕೊಂಡು ಸುಮಾರು 5 ಮೀಟರ್ ಎತ್ತರದಿಂದ ಬೀಳಿಸುತ್ತಿದ್ದವು. ಇನ್ನೂ ಮೇಲಕ್ಕೆ ಹಾರಿದರೆ ಶ್ರಮವು ವ್ಯರ್ಥ. ಕೆಳಗಿನಿಂದ ಬೀಳಿಸಿದರೆ ಬಹಳ ಸಾರಿ ಬೀಳಿಸಬೇಕು. ಎಲ್ಲವನ್ನೂ ಕೂಡಿಸಿ ನೋಡಿದರೆ ಅತ್ಯಂತ ಕಡಿಮೆ ಶ್ರಮದ ಎತ್ತರವು ಅದೇ ಆಗಿತ್ತು.

4. ಅನೇಕರು ಒಂದೇ ತಾಣವನ್ನು ಬಯಸಿದರೆ

ಇಲ್ಲಿಯ ವರೆಗೆ ನಮ್ಮ ಬೆಳ್ಳಕ್ಕಿಯು ಒಂಟಿಯಾಗಿತ್ತು. ಆದರೆ ದೋಣಿಗಳು ಮರಳಿದ ಹೊತ್ತಿಗೆ ಕೇಣಿಯ ದಂಡೆಯನ್ನು ನೋಡಿದವರಿಗೆ ಗೊತ್ತು: ಬಲೆಯನ್ನು ಕೊಡಹುವಲ್ಲಿ ಕಾಗೆ, ಹದ್ದು, ಗರುಡ, ಬೆಳ್ಳಕ್ಕಿಗಳೆಲ್ಲ ಒಟ್ಟಾಗಿ ನೆರೆಯುವವು. ಒಂದು ದೋಣಿಯ ಹತ್ತಿರ ಬಹಳ ಮೀನು, ಇನ್ನೊಂದರ ಹತ್ತಿರ ಸ್ವಲ್ಪ ಇದ್ದರೆ ಎಲ್ಲ ಹಕ್ಕಿಗಳೂ ಮೊದಲನೆಯದಕ್ಕೇ ಹೋಗತಕ್ಕದ್ದೋ? ಹೋದರೆ ಅಲ್ಲಿಯ ಪಾಲು ಚಿಕ್ಕದಾಗುವದು. ಆಗ ಎರಡನೆಯದೇ ಲೇಸಾಗುವದು.

1982ರಲ್ಲಿ ಹಾರ್ಪರ್ ಎಂಬವನು ಇಂಗ್ಲೆಂಡಿನ ಕೇಂಬ್ರಿಡ್ಜಿನ ಒಂದು ಕೊಳದಲ್ಲಿ 33 ಬಾತುಗಳ ಮೇಲೆ ಮಾಡಿದ ಪರೀಕ್ಷೆಯನ್ನು ಪ್ರಕಟಿಸಿದನು. ಇಬ್ಬರು ದಡದಲ್ಲಿ ದೂರದೂರ ನಿಂತು ರೊಟ್ಟಿಯ ತುಂಡುಗಳನ್ನು ಎಸೆದರು. ಒಬ್ಬನು ಇನ್ನೊಬ್ಬನ ಎರಡರಷ್ಟು ಬೇಗನೆ ಎಸೆದನು. ಒಂದೆರಡು ನಿಮಿಷಗಳೊಳಗೆ ಬಾತುಗಳು ಸುಮಾರು ಮೂರರಲ್ಲಿ ಎರಡು ಪಾಲು ಒಬ್ಬನ ಕಡೆಗೂ ಒಂದು ಪಾಲು ಇನ್ನೊಬ್ಬನ ಕಡೆಗೂ ಹಂಚಿಹೋದವು. ಬಹಳ ಬಾತುಗಳಿಗೆ ಅಷ್ಟರೊಳಗೆ ಒಂದು ತುಂಡೂ ಸಿಕ್ಕಿರಲಿಲ್ಲ. ಯಾರೂ ಆಜ್ಞೆ ಕೊಡಲಿಲ್ಲ, ಯಾರೂ ಸಾಲು ಮಾಡಿಸಲಿಲ್ಲ. ಆದರೂ ಬಲವುಳ್ಳ ಬಾತುಗಳು ಎರಡೂ ಕಡೆಗಳಲ್ಲಿ ಹೆಚ್ಚು ಕಸಿದುಕೊಂಡವೆಂಬದನ್ನು ಮರೆಮಾಡತಕ್ಕದ್ದಲ್ಲ. ಗುಂಪು ಸರಿಯಾಗಿ ಹಂಚಿಹೋದ ಮಾತ್ರಕ್ಕೆ ಪಾಲು ಸರಿಯಾಗಿ ಹಂಚಿತೆಂದು ತಿಳಿಯಬಾರದು.

5. ಭಯವೂ ಒಂದು ವೆಚ್ಚ

ಆಹಾರವನ್ನು ಹುಡುಕುವ ಪ್ರಾಣಿಗೆ ತಾನು ಆಹಾರವಾಗುವ ಭಯವೂ ಇರುವದು. 1988ರಲ್ಲಿ ಜೋಯೆಲ್ ಬ್ರೌನ್ ಎಂಬವನು, ಪ್ರಾಣಿಯು ತಾಣದಲ್ಲಿ ಬಿಟ್ಟುಹೋದ ಆಹಾರವನ್ನು ಅಳೆದರೆ ಅದರ ಭಯವನ್ನೇ ಅಳೆದಂತಾಗುವದೆಂದು ತೋರಿಸಿದನು. ಮರೆಯಿರುವಲ್ಲಿ ಹೆಚ್ಚು ತಿಂದು ಕಡಿಮೆ ಬಿಡುವದು. ಶತ್ರುವು ಬರುವಲ್ಲಿ ಕಡಿಮೆ ತಿಂದು ಹೆಚ್ಚು ಬಿಡುವದು.

ಚಳಿಗಾಲದಲ್ಲಿ ನಮ್ಮ ದಂಡೆಗೆ ಉತ್ತರದ ತಂಪುನಾಡುಗಳಿಂದ ಗೊರವದ ಜಾತಿಯ ಪುಟ್ಟ ಹಕ್ಕಿಗಳು ಬರುವವು. ಅಲೆಯು ಹಿಂದೆ ಸರಿದೊಡನೆ ಓಡಿಹೋಗಿ ಹೆಕ್ಕುವದೂ, ಮುಂದೆ ಬಂದೊಡನೆ ಓಡಿಬರುವದೂ ಇವುಗಳ ಕೆಲಸ. ಬೇಸಿಗೆಯ ಮೊದಲು ಇವು ದೇಹದಲ್ಲಿ ಕೊಬ್ಬನ್ನು ಕೂಡಿಸಿಕೊಂಡು ಸಾವಿರಾರು ಮೈಲು ಹಾರಬೇಕು. ನಾಯಿಯೊಂದು ಬೊಗಳುತ್ತ ಅಟ್ಟಿದರೆ ನಮಗೆ ಅದು ಆಟದಂತೆ ತೋರುವದು. ಹಕ್ಕಿಗೆ ಅದು ತಾಣವನ್ನು ಬಿಡುವ ನಷ್ಟ, ಹಾರುವ ವೆಚ್ಚ, ಮರಳಿಬರಲಿಕ್ಕೆ ಅಂಜುವ ಹೊತ್ತು, ಈ ಮೂರೂ ಕೂಡಿದ ಸಾಲ.

ಈ ವಿದ್ಯೆಗೆ ಮಿತಿಯೂ ಉಂಟು. ಅನೇಕ ಪ್ರಯೋಗಗಳಲ್ಲಿ ಪ್ರಾಣಿಗಳು ಸೂತ್ರವು ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ತಾಣದಲ್ಲಿ ನಿಂತವು. ಭಯ, ಹಸಿವೆಯ ಮಟ್ಟ, ಮುಂದಿನ ತಾಣದ ವಿಷಯವಾದ ಅಜ್ಞಾನ, ಇವೆಲ್ಲವೂ ಸರಳವಾದ ಲೆಕ್ಕದೊಳಗೆ ಹಿಡಿಸುವದಿಲ್ಲ. ಸೂತ್ರವು ದಾರಿಯನ್ನು ತೋರಿಸುವ ಕೋಲು, ಅದೇ ದಾರಿಯಲ್ಲ.

6. ಬಳಚು ಹೆಕ್ಕುವ ತಾಯಂದಿರು

ಅಳಿವೆಗಳಲ್ಲಿ ಕಡಲಿಳಿದ ಹೊತ್ತಿಗೆ ಬುಟ್ಟಿ ಹಿಡಿದು ಬಳಚು ಹೆಕ್ಕುವ ಹೆಂಗಸರನ್ನು ನಮ್ಮ ಜಿಲ್ಲೆಯಲ್ಲಿ ಯಾರು ನೋಡಿಲ್ಲ? ಕುಮಟೆಯ ಕಡೆಯ ಅಘನಾಶಿನಿಯ ಅಳಿವೆಯು ಇದಕ್ಕೆ ಬಹಳ ಹೆಸರುವಾಸಿಯಾದದ್ದು. ಆ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಒಪ್ಪಂದದ ಪ್ರಕಾರ ಜಗತ್ತಿನ ಮಹತ್ವದ ಜೌಗುನೆಲಗಳ ಪಟ್ಟಿಯಲ್ಲಿ ಸೇರಿಸಿದರು. ಅನುಭವವುಳ್ಳ ಹೆಂಗಸು ಕಾಲಿನಿಂದಲೇ ಕೆಸರನ್ನು ತಡಕಿ, ಕೈಗೆ ಬರುವದು ಕಡಿಮೆಯಾದೊಡನೆ ಮುಂದಿನ ದಿಬ್ಬಕ್ಕೆ ಸಾಗುವಳು. ಚಿಕ್ಕವುಗಳನ್ನು ಅಲ್ಲಿಯೇ ಬಿಡುವಳು. ಚಾರ್ನೋವನ ಹೆಸರನ್ನು ಅವಳು ಕೇಳಿರುವದಿಲ್ಲ. ಆದರೆ ಇಳಿತದ ಹೊತ್ತು ಸ್ವಲ್ಪವೇ ಇರುವದೆಂದೂ, ಬುಟ್ಟಿ ತುಂಬದಿದ್ದರೆ ಮನೆಯಲ್ಲಿ ಅಂದಿನ ಸಾರು ನೀರಾಗುವದೆಂದೂ ಅವಳಿಗೆ ಗೊತ್ತು.

ಅವಳ ಸಂಗಡ ಬಂದ ಮಗಳು ಚಿಕ್ಕದು ದೊಡ್ಡದೆನ್ನದೆ ಸಿಕ್ಕಿದ್ದನ್ನೆಲ್ಲ ಹೆಕ್ಕಿದರೆ, "ಇದಕ್ಕೆ ಇನ್ನೂ ಬುದ್ಧಿ ಬರಲಿಲ್ಲ" ಎಂದು ನಾವು ಹೇಳುವದುಂಟು. ಆಸ್ಟ್ರೇಲಿಯದ ಉತ್ತರಕ್ಕಿರುವ ಟಾರಸ್ ಜಲಸಂಧಿಯ ಮೆರ್ ಎಂಬ ದ್ವೀಪದಲ್ಲಿ ಡಗ್ಲಸ್ ಬರ್ಡ್ ಮತ್ತು ರೆಬೆಕ್ಕಾ ಬ್ಲೀಜ್ ಬರ್ಡ್ ಎಂಬವರು ಚಿಪ್ಪು ಹೆಕ್ಕುವ ಮಕ್ಕಳನ್ನು ಕುರಿತು ಅಭ್ಯಾಸ ಮಾಡಿ 2002ರಲ್ಲಿ ಬರೆದದ್ದು ಬೇರೆ. ಮಕ್ಕಳು ಹಿರಿಯರಿಗಿಂತ ನಿಧಾನವಾಗಿ ನಡೆಯುವರು. ದೊಡ್ಡ ಚಿಪ್ಪುಗಳು ಅವರಿಗೆ ಅಪರೂಪವಾಗಿ ಎದುರಾಗುವವು. ಆದದರಿಂದ ಹಿರಿಯರು ಬಿಟ್ಟುಹೋಗುವ ಚಿಕ್ಕವುಗಳನ್ನೂ ಹೆಕ್ಕುವದು ಅವರ ಮಟ್ಟಿಗೆ ಲಾಭವೇ. ಮಗುವಿನ ಕಾಲಿನ ಉದ್ದಕ್ಕೆ ಮಗುವಿನ ಲೆಕ್ಕವು ಸರಿಯಾಗಿತ್ತು. ತಾಯಿತಂದೆಗಳು ಈ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ನಾವು ಕೇಳಿಕೊಳ್ಳುವೆವು. ಶಾಲೆಯಲ್ಲಿ ನಮಗೂ ಅದು ಪಾಠವೇ.

7. ಒಂದು ತಾಣವು ಹೋದರೆ

ಈಗ ನಾವು ಮೊದಲು ಮಾಡಿದ ಲೆಕ್ಕಕ್ಕೆ ಮರಳೋಣ. ದಾರಿಯು 2 ನಿಮಿಷದಿಂದ 6 ನಿಮಿಷಕ್ಕೆ ಏರಿದಾಗ ಅತ್ಯಂತ ಜಾಣವಾದ ಹಕ್ಕಿಯ ಸರಾಸರಿಯೂ 3.25ರಿಂದ 1.8ಕ್ಕೆ ಇಳಿಯಿತು. ಇದನ್ನು ಚೆನ್ನಾಗಿ ಗಮನಿಸಿರಿ. ಉಳಿದ ಹೊಂಡಗಳಲ್ಲಿ ಒಂದು ಮೀನೂ ಕಡಿಮೆಯಾಗಿರಲಿಲ್ಲ. ನಡುವಿನ ಹೊಂಡಗಳು ಮುಚ್ಚಿಹೋಗಿ ದಾರಿ ಉದ್ದವಾದದ್ದೇ ಸಾಕಾಯಿತು. ಇನ್ನೊಂದು ಸಂಗತಿಯೂ ಉಂಟು: ಮೊದಲು ಹೊಂಡದಿಂದ 13 ಮೀನು ಹೆಕ್ಕುತ್ತಿದ್ದ ಹಕ್ಕಿಯು ಈಗ 18 ಹೆಕ್ಕಿತು. ಹೀಗೆ ತಾಣಗಳು ಕಡಿಮೆಯಾದಷ್ಟೂ ಉಳಿದ ತಾಣಗಳು ಹೆಚ್ಚು ಬರಿದಾಗುವವು. ಹತ್ತರಲ್ಲಿ ಒಂದು ತಾಣ ಹೋದರೆ ಹತ್ತರಲ್ಲಿ ಒಂದು ಪಾಲು ಮಾತ್ರ ನಷ್ಟವೆಂದು ಎಣಿಸುವವರ ಲೆಕ್ಕವು ಇಲ್ಲಿಯೇ ತಪ್ಪುವದು.

ಇದು ಕಾಗದದ ಮೇಲಿನ ಮಾತಲ್ಲ. ವೇಲ್ಸ್ ದೇಶದ ಕಾರ್ಡಿಫ್ ಕೊಲ್ಲಿಗೆ 1999ರಲ್ಲಿ ಅಡ್ಡಗಟ್ಟೆ ಹಾಕಿ, ಇಳಿತದಲ್ಲಿ ತೆರೆದುಕೊಳ್ಳುತ್ತಿದ್ದ ಕೆಸರುಬಯಲನ್ನು ನೀರಿನಲ್ಲಿ ಮುಳುಗಿಸಿದರು. ಅಲ್ಲಿದ್ದ ಕೆಂಪುಕಾಲಿನ ಗೊರವಗಳು ನೆರೆಯ ದಂಡೆಗಳಿಗೆ ಹೋದವು. ಗುರುತಿನ ಬಳೆ ಹಾಕಿದ್ದ ಆ ಹಕ್ಕಿಗಳನ್ನು ವಿದ್ವಾಂಸರು ವರುಷಗಟ್ಟಲೆ ನೋಡುತ್ತ ಬರಲಾಗಿ, ಮೊದಲಿನ ಚಳಿಗಾಲದಲ್ಲಿ ಅವು ಮೈತೂಕವನ್ನು ಕಾಪಾಡಿಕೊಳ್ಳಲಾರದೆ ಹೋದವೆಂದೂ, ಬದುಕಿ ಉಳಿಯುವವುಗಳ ಪ್ರಮಾಣವು ಇಳಿಯಿತೆಂದೂ 2006ರಲ್ಲಿ ಪ್ರಕಟಿಸಿದರು. ಹಕ್ಕಿಗೆ ರೆಕ್ಕೆಯಿದೆ, ಬೇರೆ ಕಡೆಗೆ ಹೋಗುವದೆಂಬ ಸಮಾಧಾನದ ಮಾತಿಗೆ ಇದು ಉತ್ತರವಾಗಿರುವದು.

ನಮ್ಮ ಕರಾವಳಿಯೂ ಇಂಥ ಬದಲಾವಣೆಗಳನ್ನು ಕಂಡಿರುವದು. ಕಾರವಾರದ ದಕ್ಷಿಣಕ್ಕೆ ನೌಕಾದಳದ ಸೀಬರ್ಡ್ ಯೋಜನೆಗಾಗಿ ಅನೇಕ ಕುಟುಂಬಗಳು ಕಡಲದಂಡೆಯ ತಮ್ಮ ಊರುಗಳನ್ನು ಬಿಟ್ಟವು, ಅಲ್ಲಿಯ ಐ.ಎನ್.ಎಸ್. ಕದಂಬ ನೆಲೆಯು 2005ರಲ್ಲಿ ಆರಂಭವಾಯಿತು. ದಂಡೆಯಲ್ಲಿ ನಿಂತು ಅನೇಕ ಕೈಗಳು ಕೂಡಿ ಎಳೆಯುತ್ತಿದ್ದ ರಂಪಣಿ ಬಲೆಯು, 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಕ್ರಮೇಣ ಹಿಂದೆ ಸರಿಯಿತು. 2023ರಲ್ಲಿ ಕೇಣಿಯಲ್ಲಿಯೇ ಒಂದು ದೊಡ್ಡ ಬಂದರನ್ನು ಕಟ್ಟುವ ಕೆಲಸವನ್ನು ಒಂದು ಖಾಸಗಿ ಕಂಪನಿಗೆ ವಹಿಸುವ ನಿಶ್ಚಯವಾಯಿತು. ಅಲ್ಲಿಯ ಮೀನುಗಾರರು ಅದನ್ನು ವಿರೋಧಿಸಿರುವರು. ಬಂದರು ಬೇಕೋ ಬೇಡವೋ ಎಂಬ ವಾದವನ್ನು ಈ ಪುಟಗಳಲ್ಲಿ ನಾವು ತೀರ್ಮಾನಿಸಲಾರೆವು. ಕೆಲಸವನ್ನು ಬಯಸುವವರೂ ನಮ್ಮ ಮಕ್ಕಳೇ, ದಂಡೆಯನ್ನು ಬಯಸುವವರೂ ನಮ್ಮ ಮಕ್ಕಳೇ. ಆದರೆ ಲೆಕ್ಕವನ್ನು ಕಲಿಸುವವರಾದ ನಾವು ಇಷ್ಟನ್ನು ಹೇಳಬಲ್ಲೆವು: ಯಾವ ದಂಡೆಯ ಬೆಲೆಯನ್ನಾದರೂ ಕಟ್ಟುವಾಗ ಅಲ್ಲಿಂದ ಎದ್ದುಹೋಗುವ ಮೀನನ್ನು ಮಾತ್ರ ಎಣಿಸಿದರೆ ಸಾಲದು; ಆಮೇಲೆ ಹಕ್ಕಿಯೂ ದೋಣಿಯೂ ಬುಟ್ಟಿ ಹೊತ್ತ ತಾಯಿಯೂ ಸಾಗಬೇಕಾಗುವ ಹೆಚ್ಚಿನ ದಾರಿಯನ್ನೂ ಎಣಿಸಬೇಕು. ಆ ದಾರಿಯನ್ನು ಬಿಟ್ಟ ಲೆಕ್ಕಕ್ಕೆ ನಾವು ಪಾಟಿಯ ಮೇಲೆ ಸರಿಯೆಂಬ ಗುರುತನ್ನು ಹಾಕಲಾರೆವು.

ಮನೆಯಲ್ಲಿ ಮಾಡತಕ್ಕ ಅಭ್ಯಾಸ

ಪಾಠವು ಓದಿದ ಮಾತ್ರಕ್ಕೆ ಮುಗಿಯುವದಿಲ್ಲ. ತಾಯಿತಂದೆಗಳು ರಜೆಯ ದಿನದಲ್ಲಿ ಮಕ್ಕಳನ್ನು ಸಂಗಡ ಕೂಡ್ರಿಸಿಕೊಂಡು ಈ ಮೂರನ್ನು ನೋಡಲಿ.

ಒಂದು: ಇಳಿತದ ಹೊತ್ತಿಗೆ ಒಂದೇ ಬೆಳ್ಳಕ್ಕಿಯನ್ನು ಅರ್ಧ ತಾಸು ನೋಡುತ್ತ, ಅದು ಒಂದೊಂದು ಹೊಂಡದಲ್ಲಿ ಎಷ್ಟು ಹೊತ್ತು ನಿಂತಿತೆಂಬದನ್ನು ಗಡಿಯಾರ ಹಿಡಿದು ಬರೆಯಿರಿ. ಹೊಂಡಗಳು ಹತ್ತಿರವಿರುವಲ್ಲಿಯೂ ದೂರವಿರುವಲ್ಲಿಯೂ ಹೀಗೆ ಬರೆದು ಹೋಲಿಸಿರಿ. ಹತ್ತಿರ ಹೋಗಿ ಬೆದರಿಸಬೇಡಿರಿ. ಬೆದರಿದ ಹಕ್ಕಿಯ ಲೆಕ್ಕವು ಬೇರೆ.

ಎರಡು: ಅಂಗಳದಲ್ಲಿ ಎರಡು ಕಡೆ ಅಕ್ಕಿಯ ನುಚ್ಚನ್ನು ಹಾಕಿರಿ, ಒಂದು ಗಿಡದ ಮರೆಯಲ್ಲಿ, ಇನ್ನೊಂದು ಬಯಲಿನಲ್ಲಿ. ಸಂಜೆ ಯಾವ ಕಡೆ ಹೆಚ್ಚು ಉಳಿಯಿತು? ಹಕ್ಕಿಗಳ ಭಯವು ಎಲ್ಲಿ ಹೆಚ್ಚು?

ಮೂರು: ನಿಮ್ಮ ಮನೆಯ ಅಜ್ಜಿಯಾಗಲಿ, ನೆರೆಯ ಮೀನುಗಾರ್ತಿಯಾಗಲಿ, ಬಳಚಿನ ದಿಬ್ಬವನ್ನು ಯಾವ ಗುರುತಿನಿಂದ ಬಿಡುತ್ತಿದ್ದರೆಂದು ಕೇಳಿ ಅವರ ಮಾತಿನಲ್ಲಿಯೇ ಬರೆದಿಡಿರಿ. ಇಂಥ ತಿಳಿವಳಿಕೆಯು ಪುಸ್ತಕಗಳಲ್ಲಿ ಇರುವದಿಲ್ಲ. ಹೇಳುವವರು ಹೋದ ಮೇಲೆ ಎಲ್ಲಿಯೂ ಇರುವದಿಲ್ಲ.

ಹೀಗೆ ಬರೆದ ಕಾಗದಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಕಳಿಸಿಕೊಟ್ಟರೆ ನಾವು ಸಂತೋಷದಿಂದ ಇಟ್ಟುಕೊಳ್ಳುವೆವು. ಅಂದು ಪ್ರಶ್ನೆ ಕೇಳಿದ ಹುಡುಗಿಯು ಈಗ ಮೇಲಿನ ತರಗತಿಯಲ್ಲಿರುವಳು. ಮೊನ್ನೆ ಈ ಬರಹವನ್ನು ಅವಳಿಗೆ ಓದಿ ತೋರಿಸಲಾಗಿ, ಅವಳು ಲೆಕ್ಕವನ್ನು ಎರಡು ಸಾರಿ ಮಾಡಿನೋಡಿ ಸರಿಯಿರುವದೆಂದು ಒಪ್ಪಿದಳು, ಆಮೇಲೆ, "ಹಾಗಾದರೆ ಅಕ್ಕೋರೇ, ಹೊಂಡಗಳು ಉಳಿದಿದ್ದರೆ ತಾನೇ ಬೆಳ್ಳಕ್ಕಿಯ ಜಾಣತನ?" ಎಂದಳು. ನಾವು ಏಳು ಭಾಗಗಳಲ್ಲಿ ಹೇಳಿದ್ದನ್ನು ಅವಳು ಒಂದೇ ಮಾತಿನಲ್ಲಿ ಹೇಳಿದಳೆಂದು ನಮಗೆ ತೋರುವದು.